ಬಡಿಸುವವನ ಊಟವೂ ಹೊತ್ತಿಗೆ ಆಗಲಿ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮ್ಮಲ್ಲಿದೆ. ಊರಿಗೆಲ್ಲ ಊಟ ಹಾಕುವ ಹೋಟೆಲಿನವರಾದ ನಾವು ಈ ಗಾದೆಯನ್ನು ಬೇರೆಯವರಿಗಿಂತ ಚೆನ್ನಾಗಿ ಅರಿತವರಾಗಿರಬೇಕಿತ್ತು. ಆದರೆ ನಡೆಯುತ್ತಿರುವುದು ತದ್ವಿರುದ್ಧ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಯಾವ ಊರಿನ ನಮ್ಮವರ ಹೋಟೆಲನ್ನೇ ನೋಡಿ. ಮಧ್ಯಾಹ್ನದ ಗದ್ದಲ ಇಳಿಯುವ ತನಕ ಒಲೆಯ ಮುಂದಿನ ಭಟ್ಟರಿಗೂ ಊಟವಿಲ್ಲ, ಗಲ್ಲಾದಲ್ಲಿ ಕೂತ ಮಾಲಕರಿಗೂ ಊಟವಿಲ್ಲ. ಮದುವೆ ಮುಂಜಿಯ ಕೇಟರಿಂಗ್ ಮಾಡುವವರ ಕತೆಯಂತೂ ಹೇಳುವುದೇ ಬೇಡ. ಕಡೇ ಪಂಕ್ತಿ ಎದ್ದ ಮೇಲೆ, ಪಾತ್ರೆ ಲೆಕ್ಕ ಮುಗಿದ ಮೇಲೆ ಅವರ ಎಲೆ. ಅಷ್ಟು ಹೊತ್ತಿಗೆ ಸಂಜೆ ನಾಲ್ಕು.

ಇಪ್ಪತ್ತೈದರ ಪ್ರಾಯದಲ್ಲಿ ಇದು ನಡೆಯುತ್ತದೆ. ನಲವತ್ತೈದು ದಾಟಿ, ಸಕ್ಕರೆ ಕಾಯಿಲೆ ಹಿಡಿದು, ಬೆಳಿಗ್ಗೆ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಬಂದವರಿಗೆ ಇದು ನಡೆಯುವುದಿಲ್ಲ. ಊಟ ತಡವಾದಷ್ಟೂ ಅವರ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಕೈ ನಡುಗುತ್ತದೆ, ಆಮೇಲೆ ತಲೆ ಓಡುವುದಿಲ್ಲ, ಕೊನೆಗೆ ಆಳು ಕುಸಿದು ಬೀಳುತ್ತಾನೆ. ಬೀಳುವ ಜಾಗ ಯಾವುದು? ಕುದಿಯುವ ಸಾಂಬಾರಿನ ಪಕ್ಕ, ಎಣ್ಣೆ ಬಾಣಲೆಯ ಮುಂದೆ, ಓಡುತ್ತಿರುವ ಗ್ರೈಂಡರಿನ ಬಳಿ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೋಟೆಲಿನಲ್ಲಿ ಒಬ್ಬರ ಶುಗರ್ ಇಳಿದು ಬಿದ್ದರೆ ಅದನ್ನು ಆ ಮನುಷ್ಯನ ಅಜಾಗ್ರತೆ ಎಂದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಹೆಚ್ಚಿನ ಸಲ ಅದು ನಮ್ಮ ಹೋಟೆಲಿನ ಊಟದ ವೇಳೆಯ ದೋಷ. ಆ ವೇಳೆಯನ್ನು ಗೊತ್ತು ಮಾಡುವವರು ಮಾಲಕರು. ಆದುದರಿಂದ ಅದನ್ನು ತಿದ್ದುವ ಹೊಣೆಯೂ ಮಾಲಕರದ್ದೇ.

ಸಕ್ಕರೆ ಏರುವುದು ಗೊತ್ತು, ಇಳಿಯುವುದು ಗೊತ್ತಿಲ್ಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ನೂರಕ್ಕೆ 11.4 ಮಂದಿ. ಹಳ್ಳಿಗಿಂತ ಪಟ್ಟಣದಲ್ಲಿ ಹೆಚ್ಚು, ಪಟ್ಟಣದಲ್ಲಿ ನೂರಕ್ಕೆ 16.4. ಇಪ್ಪತ್ತು ಮಂದಿ ದುಡಿಯುವ ಹೋಟೆಲಿನಲ್ಲಿ ಮಾಲಕರನ್ನೂ ಸೇರಿಸಿ ಎರಡು ಮೂರು ಮಂದಿಗೆ ಈ ಕಾಯಿಲೆ ಇದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಯಾರಿಗೂ ಇಲ್ಲ ಎಂದು ಯಾರಾದರೂ ಹೇಳಿದರೆ, ಯಾರೂ ಹೇಳಿಕೊಂಡಿಲ್ಲ ಎಂದಷ್ಟೇ ಅದರ ಅರ್ಥ.

ಸಂಘ ಸಂಸ್ಥೆಗಳು ತಪಾಸಣಾ ಶಿಬಿರ ಮಾಡುತ್ತಿವೆ. ಒಳ್ಳೆಯ ಕೆಲಸ, ಅದಕ್ಕೆ ನಮ್ಮ ಮೆಚ್ಚುಗೆ ಇದೆ. ಆದರೆ ಅಲ್ಲಿ ಬೆರಳು ಚುಚ್ಚಿ ನೋಡಿ, 'ನಿಮಗೆ ಶುಗರ್ ಹೆಚ್ಚಿದೆ, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ' ಎಂದು ಹೇಳಿ ಕಳುಹಿಸುತ್ತಾರೆ. ಸಕ್ಕರೆ ಇಳಿದರೆ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಹಾಗಾಗಿ 'ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವಿಷ' ಎಂಬ ಒಂದೇ ಪಾಠ ನಮ್ಮ ತಲೆಯಲ್ಲಿ ಕೂತಿದೆ. ಅದೇ ಸಕ್ಕರೆ ಪ್ರಾಣ ಉಳಿಸುವ ಔಷಧವಾಗುವ ಗಳಿಗೆಯೂ ಒಂದಿದೆ ಎಂಬುದು ತಿಳಿಯದೆ ಹೋಗಿದೆ. ಏರಿದ ಸಕ್ಕರೆ ಹಾನಿ ಮಾಡಲು ಸಾಮಾನ್ಯವಾಗಿ ವರ್ಷಗಳು ಬೇಕು. ಇಳಿದ ಸಕ್ಕರೆಗೆ ಕೆಲವೇ ನಿಮಿಷ ಸಾಕು.

ಇದು ಹೊಸ ವಿಷಯವೇನಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದೇ ಕಾಲದ ಪ್ರಯೋಗಗಳಲ್ಲಿ, ಹೆಚ್ಚು ಇನ್ಸುಲಿನ್ ಕೊಟ್ಟ ಮೊಲಗಳು ಸೆಟೆದು ಬೀಳುವುದನ್ನೂ ಗ್ಲುಕೋಸ್ ಕೊಟ್ಟೊಡನೆ ಎದ್ದು ಕೂರುವುದನ್ನೂ ವಿಜ್ಞಾನಿಗಳು ಕಂಡಿದ್ದರು. ಅಂದರೆ ಇನ್ಸುಲಿನ್ನಿನಷ್ಟೇ ಹಳೆಯದು ಈ ಅಪಾಯ, ಅಷ್ಟೇ ಹಳೆಯದು ಇದರ ಪರಿಹಾರ. ನೂರು ವರ್ಷ ಕಳೆದರೂ ಆ ಪರಿಹಾರ ನಮ್ಮ ಅಡಿಗೆಕೋಣೆಗೆ ಬಂದು ತಲುಪಿಲ್ಲ. ಆ ಅಡಿಗೆಕೋಣೆಯಲ್ಲಿ ಸಕ್ಕರೆ ಚೀಲಗಟ್ಟಲೆ ಬಿದ್ದಿರುತ್ತದೆ!

ಯಾರಿಗೆ ಇಳಿಯುತ್ತದೆ, ಯಾಕೆ ಇಳಿಯುತ್ತದೆ

ಸಕ್ಕರೆ ಕಾಯಿಲೆ ಇರುವ ಎಲ್ಲರಿಗೂ ಈ ಅಪಾಯ ಒಂದೇ ಸಮನಲ್ಲ. ಪಥ್ಯದಲ್ಲೇ ಇರುವವರಿಗೆ, ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಜಾಗ್ರತೆ ಬೇಕಾದುದು ಇಬ್ಬರಿಗೆ. ಒಂದು, ಇನ್ಸುಲಿನ್ ಚುಚ್ಚಿಕೊಳ್ಳುವವರು. ಎರಡು, ಗ್ಲೈಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆ ನುಂಗುವವರು. ಈ ಗುಳಿಗೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಅವು ಕೇಳುವುದಿಲ್ಲ. ಊಟ ಬರುತ್ತದೆ ಎಂಬ ಲೆಕ್ಕದಲ್ಲಿ ಅವುಗಳ ಕೆಲಸ ನಡೆಯುತ್ತಿರುತ್ತದೆ. ಊಟ ಬರದಿದ್ದರೆ ರಕ್ತದಲ್ಲಿದ್ದ ಸಕ್ಕರೆಯೇ ಖರ್ಚಾಗುತ್ತದೆ. ಮೆಟ್‌ಫಾರ್ಮಿನ್ ಜೊತೆಗೆ ಗ್ಲೈಮಿಪಿರೈಡ್ ಸೇರಿಸಿದ ಗುಳಿಗೆ ನಮ್ಮ ದೇಶದಲ್ಲಿ ತುಂಬ ಬಳಕೆಯಲ್ಲಿದೆ. 'ನನ್ನದು ಒಂದೇ ಗುಳಿಗೆ' ಎನ್ನುವವರು ಪಟ್ಟಿಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿಸಿ ನೋಡಲಿ.

ಇನ್ಸುಲಿನ್ನಿನವರಿಗೆ ಹೋಟೆಲಿನಲ್ಲಿ ಒಂದು ವಿಶೇಷ ಗಂಡಾಂತರ ಇದೆ. ಕೆಲವು ಬಗೆಯ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಮಾಲಕರು ಹನ್ನೆರಡೂವರೆಗೆ ಚುಚ್ಚಿಕೊಂಡು ಇನ್ನೇನು ಊಟಕ್ಕೆ ಏಳಬೇಕು, ಅಷ್ಟರಲ್ಲಿ ಆಫೀಸಿನವರ ದಂಡು ನುಗ್ಗುತ್ತದೆ. 'ಇವರನ್ನು ಕಳಿಸಿ ಊಟ ಮಾಡೋಣ' ಎಂದು ಗಲ್ಲಾದಲ್ಲೇ ಕೂರುತ್ತಾರೆ. ಗಂಟೆ ಎರಡಾಗುತ್ತದೆ. ಚಿಲ್ಲರೆ ಎಣಿಸುವಾಗ ಲೆಕ್ಕ ತಪ್ಪುತ್ತದೆ, ಸಣ್ಣ ಮಾತಿಗೆ ಗಿರಾಕಿಯ ಮೇಲೆ ರೇಗುತ್ತಾರೆ. 'ಧಣಿಗಳಿಗೆ ಇವತ್ತು ಮಂಡೆ ಬಿಸಿ' ಎಂದು ಹುಡುಗರು ಮಾತಾಡಿಕೊಳ್ಳುತ್ತಾರೆ. ಆದರೆ ಅದು ಮಂಡೆ ಬಿಸಿಯಲ್ಲ. ಮಿದುಳಿಗೆ ಸಕ್ಕರೆ ಸಾಲದೆ ಬಂದ ತೊಂದರೆ ಅದು.

ಇದಕ್ಕೆ ನಮ್ಮ ಕೆಲಸದ ರೀತಿಯೂ ಸೇರುತ್ತದೆ. ಹತ್ತು ಹನ್ನೆರಡು ತಾಸು ನಿಂತು ದುಡಿಯುವ ಮೈ ಸಕ್ಕರೆಯನ್ನು ಬೇಗ ಸುಡುತ್ತದೆ. ಮದುವೆಯ ದಿನ ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚಿದವರು ಎಂದಿನ ಗುಳಿಗೆ ತೆಗೆದುಕೊಂಡು ಎಂದಿನ ಎರಡರಷ್ಟು ಕೆಲಸ ಮಾಡುತ್ತಾರೆ. ಸಂಕಷ್ಟಿ, ಏಕಾದಶಿ, ನವರಾತ್ರಿಯ ಉಪವಾಸ ಹಿಡಿಯುವವರು ನಮ್ಮಲ್ಲಿ ಅನೇಕರು. ನಮ್ಮ ಅಡಿಗೆಕೋಣೆಗಳಲ್ಲಿ ರಂಜಾನ್ ಉಪವಾಸ ಹಿಡಿಯುವ ಹುಡುಗರೂ ಇದ್ದಾರೆ. ಉಪವಾಸಕ್ಕೆ ಮುಂಚೆ ಡಾಕ್ಟರರನ್ನು ಕೇಳಿ ಔಷಧದ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಬೇಕು. ಶುಗರ್ 70ಕ್ಕಿಂತ ಕೆಳಗಿಳಿದರೆ ಉಪವಾಸ ಬಿಡಬೇಕು ಎಂದು ರಂಜಾನ್ ಕುರಿತ ವೈದ್ಯಕೀಯ ಮಾರ್ಗದರ್ಶಿಯಲ್ಲೇ ಹೇಳಿದೆ. ಏಕಾದಶಿಗೂ ಅದೇ ಮಾತು.

ರಾತ್ರಿ ಬಾಗಿಲು ಹಾಕಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಎರಡು ಪೆಗ್ ಹಾಕುವ ಅಭ್ಯಾಸದ ಬಗ್ಗೆಯೂ ಹೇಳಲೇಬೇಕು. ಸಕ್ಕರೆ ಇಳಿದಾಗ ಹೊಸ ಸಕ್ಕರೆ ತಯಾರಿಸಿ ಕೊಡುವುದು ನಮ್ಮ ಯಕೃತ್ತು. ಮದ್ಯ ಒಳಗೆ ಹೋದರೆ ಅದು ಆ ಕೆಲಸ ನಿಲ್ಲಿಸಿ ಮದ್ಯವನ್ನು ಕರಗಿಸುವುದರಲ್ಲಿ ತೊಡಗುತ್ತದೆ. ಹೀಗಾಗಿ ನಡುರಾತ್ರಿ, ನಿದ್ದೆಯಲ್ಲೇ ಸಕ್ಕರೆ ಇಳಿಯುತ್ತದೆ. ಪಕ್ಕದಲ್ಲಿ ಮಲಗಿದವರು ಕುಡಿದು ಮಲಗಿದ್ದಾನೆ ಎಂದು ಸುಮ್ಮನಿರುತ್ತಾರೆ.

ಒಲೆಯ ಮುಂದಿನ ಬೆವರು

ಶುಗರ್ ಇಳಿಯುವಾಗ ಮೈ ಮುನ್ಸೂಚನೆ ಕೊಡುತ್ತದೆ. ಬೆವರು, ಕೈ ನಡುಕ, ಎದೆ ಡವಗುಟ್ಟುವುದು, ತಟ್ಟನೆ ಹಸಿವು, ತುಟಿಯ ಸುತ್ತ ಜುಮ್ಮೆನ್ನುವುದು, ಕಣ್ಣು ಮಂಜಾಗುವುದು. ಅಲ್ಲಿಗೂ ಎಚ್ಚರಗೊಳ್ಳದಿದ್ದರೆ ಮಾತು ತೊದಲುವುದು, ಕೇಳಿದ್ದಕ್ಕೆ ಬೇರೇನೋ ಉತ್ತರ, ಕಾರಣವಿಲ್ಲದ ಸಿಟ್ಟು. ಕೊನೆಗೆ ಪ್ರಜ್ಞೆ ತಪ್ಪುವುದು, ಕೆಲವರಿಗೆ ಫಿಟ್ಸ್.

ಬೇರೆ ಕಡೆ ಒಬ್ಬ ಮನುಷ್ಯ ಹೀಗೆ ಬೆವರಿದರೆ ಪಕ್ಕದವರು ಕೇಳುತ್ತಾರೆ. ನಮ್ಮ ಅಡಿಗೆಕೋಣೆಯಲ್ಲಿ ಬೆವರದವರು ಯಾರು? ಮೇ ತಿಂಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತವನ ಅಂಗಿ ಯಾವಾಗಲೂ ಒದ್ದೆಯೇ. 'ಏನು ಭಟ್ರೇ, ಹುಷಾರಿಲ್ವಾ?' ಎಂದು ಕೇಳಿದರೆ, 'ಏನಿಲ್ಲ ಶೆಟ್ರೇ, ಸೆಕೆಗೆ' ಎಂದು ಅವರೇ ತಳ್ಳಿಹಾಕುತ್ತಾರೆ. ಅವರಿಗೂ ಗೊತ್ತಾಗಿರುವುದಿಲ್ಲ. ಆದ್ದರಿಂದ ನಮ್ಮವರು ಬೆವರಿನ ಜೊತೆಗೆ ಬೇರೆ ಗುರುತುಗಳನ್ನು ನೋಡಲು ಕಲಿಯಬೇಕು. ಸೆಕೆಯ ಬೆವರಾದರೆ ಮೈ ಬಿಸಿಯಾಗಿರುತ್ತದೆ. ಶುಗರ್ ಇಳಿದ ಬೆವರಿನಲ್ಲಿ ಮೈ ಸಾಮಾನ್ಯವಾಗಿ ತಣ್ಣಗೆ, ಮುಖ ಬಿಳುಚಿಕೊಂಡಿರುತ್ತದೆ. ದಿನಾ ಕಣ್ಣು ಮುಚ್ಚಿ ಮಾಡುವ ಕೆಲಸದಲ್ಲಿ ತಪ್ಪುವುದು, ಆರ್ಡರ್ ಮರೆಯುವುದು, ಉಪ್ಪು ಎರಡು ಸಲ ಹಾಕುವುದು ಇವೆಲ್ಲ ಗಮನಿಸಬೇಕಾದ ಗುರುತುಗಳೇ.

ಇನ್ನೊಂದು ತೊಡಕಿದೆ. ಪದೇ ಪದೇ ಸಕ್ಕರೆ ಇಳಿಯುವವರಿಗೆ, ಬಹಳ ವರ್ಷದಿಂದ ಕಾಯಿಲೆ ಇರುವವರಿಗೆ ಈ ಮುನ್ಸೂಚನೆಗಳೇ ಮಾಯವಾಗುತ್ತವೆ. ರಕ್ತದೊತ್ತಡ ಅಥವಾ ಹೃದಯಕ್ಕೆಂದು ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್ ಜಾತಿಯ ಗುಳಿಗೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಆ ಬೆವರನ್ನೂ ನಾವು ಸೆಕೆಯ ಲೆಕ್ಕಕ್ಕೆ ಬರೆದರೆ ಆ ಮನುಷ್ಯನಿಗೆ ದಿಕ್ಕು ಯಾರು?

ಹಾಗೆಯೇ ಪರ್ಮಿಟ್ ರೂಮ್, ಬಾರ್ ನಡೆಸುವ ಸದಸ್ಯರಿಗೆ ಒಂದು ಮಾತು. ತೊದಲುವ, ತೂರಾಡುವ ಗಿರಾಕಿಯನ್ನು ಕುಡಿದವನೆಂದು ಹೊರಗೆ ಕಳಿಸುವ ಮುಂಚೆ, ನಿಮಗೆ ಶುಗರ್ ಇದೆಯೇ ಎಂದು ಒಮ್ಮೆ ಕೇಳುವ ಪದ್ಧತಿ ಇಟ್ಟುಕೊಳ್ಳಿ. ಎರಡೂ ನೋಡಲು ಒಂದೇ ಥರ ಕಾಣುತ್ತವೆ.

ಕೊಡಬೇಕಾದ್ದು ಏನು

ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಶುಗರ್ ಇಳಿದಿದೆ ಎಂದು ಲೆಕ್ಕ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಗ್ಲುಕೋಮೀಟರ್ ಕೈಗೆ ಸಿಗದಿದ್ದರೆ ಅದನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಅನುಮಾನ ಬಂದರೆ ಸಕ್ಕರೆ ಕೊಟ್ಟುಬಿಡಿ. ಇಳಿದಿರದಿದ್ದರೂ ಮೂರು ಚಮಚ ಸಕ್ಕರೆಯಿಂದ ಆ ದಿನ ದೊಡ್ಡ ಹಾನಿಯಾಗುವುದಿಲ್ಲ.

ಪ್ರಪಂಚದ ಡಾಕ್ಟರರೆಲ್ಲ ಹೇಳುವ ಲೆಕ್ಕ 15ರದ್ದು. ಬೇಗ ರಕ್ತಕ್ಕೆ ಸೇರುವ ಸಕ್ಕರೆ 15 ಗ್ರಾಂ ಕೊಡಿ, 15 ನಿಮಿಷ ಕಾಯಿರಿ, ಮತ್ತೆ ನೋಡಿ. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೆ 15 ಗ್ರಾಂ. ನಮ್ಮ ಹೋಟೆಲಿನ ಅಳತೆಯಲ್ಲಿ 15 ಗ್ರಾಂ ಎಂದರೆ ನೀರಿನಲ್ಲಿ ಕದಡಿದ ಮೂರು ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಇಲ್ಲವೇ 5 ಗ್ರಾಮಿನ ಸಕ್ಕರೆ ಪೊಟ್ಟಣ ಮೂರು, ಇಲ್ಲವೇ ಅರ್ಧ ಗ್ಲಾಸ್ ಹಣ್ಣಿನ ರಸ ಅಥವಾ ಮಾಮೂಲಿ ಕೋಲಾ. ಚೇತರಿಸಿಕೊಂಡ ಮೇಲೆ ಅಲ್ಲಿಗೇ ಬಿಡಬಾರದು. ಎರಡು ಇಡ್ಲಿಯೋ, ಚಪಾತಿಯೋ, ಒಂದು ತಟ್ಟೆ ಅನ್ನವೋ ತಿನ್ನಿಸಬೇಕು. ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಮತ್ತೆ ಇಳಿಯುತ್ತದೆ.

ಹೋಟೆಲಿನವರಾದ ನಮಗೆ ಇಲ್ಲಿ ಕೆಲವು ತಪ್ಪುಗಳಾಗುವ ಸಂಭವ ಹೆಚ್ಚು. ಅವನ್ನು ಬಿಡಿಸಿ ಹೇಳುತ್ತೇವೆ.

ಮೊದಲನೆಯದು, ಶುಗರ್‌ಫ್ರೀ ಪೊಟ್ಟಣ. ಟೇಬಲಿನ ಮೇಲೆ ಸಕ್ಕರೆ ಪೊಟ್ಟಣದ ಜೊತೆಯಲ್ಲೇ ಅದೂ ಇರುತ್ತದೆ. ಗಾಬರಿಯಲ್ಲಿ, 'ಇವರಿಗೆ ಶುಗರ್ ಅಲ್ವಾ' ಎಂದು ಹುಡುಗ ಅದನ್ನೇ ಹರಿದು ಕೊಡುವ ಸಂಭವ ಇದೆ. ಅದರಿಂದ ಏನೂ ಪ್ರಯೋಜನವಿಲ್ಲ. ಡಯಟ್ ಕೋಲಾ ಕೂಡ ಹಾಗೆಯೇ.

ಎರಡನೆಯದು, ಚಹಾ. ನಮ್ಮಲ್ಲಿ ಎಲ್ಲ ಸುಸ್ತಿಗೂ ಚಹಾವೇ ಮದ್ದು. ಬಿಸಿ ಚಹಾವನ್ನು ಗುಟುಕರಿಸುತ್ತಾ ಕುಡಿಯುವುದರಲ್ಲಿ ಹೊತ್ತು ಹೋಗುತ್ತದೆ. ಮೇಲಾಗಿ ಧಣಿಗಳದ್ದು ಯಾವಾಗಲೂ ಸಕ್ಕರೆಯಿಲ್ಲದ ಚಹಾ ಎಂದು ಹುಡುಗನಿಗೆ ರೂಢಿಯಾಗಿರುತ್ತದೆ. ಆ ದಿನವೂ ಅದನ್ನೇ ತಂದುಕೊಡುತ್ತಾನೆ.

ಮೂರನೆಯದು, ಜಿಲೇಬಿ, ಮೈಸೂರು ಪಾಕ್, ಚಾಕಲೇಟ್, ಐಸ್‌ಕ್ರೀಮ್. ಸಿಹಿ ಎಂಬುದು ನಿಜ, ಆದರೆ ತುಪ್ಪ ಎಣ್ಣೆಯ ಜಿಡ್ಡು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಬೇರೇನೂ ಇಲ್ಲದಿದ್ದರೆ ಮಾತ್ರ ಅವು.

ನಾಲ್ಕನೆಯದು ಬಹಳ ಮಂದಿಗೆ ತಿಳಿಯದ ವಿಷಯ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಗುಳಿಗೆ ತೆಗೆದುಕೊಳ್ಳುವವರಿಗೆ ನಮ್ಮ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಕರುಳಿನಲ್ಲಿ ಒಡೆದು ಗ್ಲುಕೋಸ್ ಆಗುವುದನ್ನು ನಿಧಾನ ಮಾಡುವುದೇ ಆ ಗುಳಿಗೆಗಳ ಕೆಲಸ. ಅಂಥವರಿಗೆ ಗ್ಲುಕೋಸ್ ಪುಡಿಯೇ ಬೇಕು. ಯಾರು ಯಾವ ಗುಳಿಗೆ ನುಂಗುತ್ತಾರೆ ಎಂದು ಆಗ ವಿಚಾರಿಸುತ್ತಾ ಕೂರಲಾಗುವುದಿಲ್ಲ. ಆದ್ದರಿಂದ ಎಲ್ಲರಿಗೂ ಆಗುವ ಗ್ಲುಕೋಸ್ ಪುಡಿಯ ಡಬ್ಬಿಯನ್ನೇ ಇಟ್ಟುಕೊಳ್ಳುವುದು ಲೇಸು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಒಲೆಯಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, 108 ಅಥವಾ 112ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರು ಎಂದು ಫೋನಿನಲ್ಲೇ ಹೇಳಿ. ಪದೇ ಪದೇ ಹೀಗಾಗುವವರಿದ್ದರೆ, ಗ್ಲುಕಗಾನ್ ಎಂಬ ಇಂಜೆಕ್ಷನ್ ಇಟ್ಟುಕೊಳ್ಳಬೇಕೇ ಎಂದು ಅವರ ಡಾಕ್ಟರರನ್ನು ಮೊದಲೇ ಕೇಳಿಟ್ಟುಕೊಳ್ಳಬಹುದು.

ಗುಳಿಗೆಯಿಂದ ಇಳಿದು ಪ್ರಜ್ಞೆ ತಪ್ಪಿದವರು ಗ್ಲುಕೋಸ್ ಕೊಟ್ಟಾಗ ಎದ್ದು ಕೂತರೂ ಅಂದೇ ಕೆಲಸಕ್ಕೆ ಹಚ್ಚಬೇಡಿ. ಆ ಗುಳಿಗೆಯ ಶಕ್ತಿ ಒಂದು ದಿನದವರೆಗೂ ಇರುತ್ತದೆ, ಮತ್ತೆ ಇಳಿಯಬಹುದು. ವಯಸ್ಸಾದವರಿಗೆ, ಕಿಡ್ನಿ ದುರ್ಬಲವಾದವರಿಗೆ ಇನ್ನೂ ಹೆಚ್ಚು ಹೊತ್ತು. ಆಸ್ಪತ್ರೆಗೇ ಕರೆದೊಯ್ಯಬೇಕು.

ಗ್ಲುಕೋಮೀಟರಿನ ವಿಷಯದಲ್ಲೂ ನಮ್ಮ ಕೆಲಸಕ್ಕೆ ಹೊಂದುವ ಒಂದು ಮಾತಿದೆ. ಸಕ್ಕರೆ ಪಾಕ ಮುಟ್ಟಿದ, ಹಣ್ಣು ಹೆಚ್ಚಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮೀಟರು ಸುಳ್ಳು ಹೇಳುತ್ತದೆ. ಇಳಿದ ಸಕ್ಕರೆಯನ್ನೂ ಏರಿದೆ ಎಂದು ತೋರಿಸುತ್ತದೆ. ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಬೇಕು.

ಮುಚ್ಚಿಡುವುದು ಯಾಕೆ

ಇಷ್ಟೆಲ್ಲ ಕಲಿಸಿದರೂ ಕಾಯಿಲೆ ಇರುವವರು ಹೇಳಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ನಮ್ಮ ಭಟ್ಟರು, ಸಪ್ಲೈಯರುಗಳು ಯಾಕೆ ಹೇಳಿಕೊಳ್ಳುವುದಿಲ್ಲ? ಕೆಲಸ ಹೋದೀತು ಎಂಬ ಹೆದರಿಕೆ. ಊರಿನಿಂದ ಇಷ್ಟು ದೂರ ಬಂದವರು, ಮಲಗುವುದೂ ಹೋಟೆಲಿನ ಕೋಣೆಯಲ್ಲೇ. ಕೆಲಸ ಹೋದರೆ ಊಟ, ನೆಲೆ ಎರಡೂ ಹೋಗುತ್ತದೆ. ಅದಕ್ಕೇ ಇನ್ಸುಲಿನ್ ಪೆನ್ನನ್ನು ಟ್ರಂಕಿನ ಬಟ್ಟೆಯಡಿ ಬಚ್ಚಿಡುತ್ತಾರೆ. ಪಕ್ಕದಲ್ಲೇ ಹೋಟೆಲಿನ ದೊಡ್ಡ ಫ್ರಿಜ್ ಇದ್ದರೂ ಅವರ ಔಷಧ ಮುಂಬಯಿಯ ಸೆಕೆಯಲ್ಲಿ ಹಾಳಾಗುತ್ತದೆ.

ಆಹಾರ ಮುಟ್ಟುವ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅದರ ಉದ್ದೇಶ ಆಹಾರದ ಮೂಲಕ ಹರಡುವ ರೋಗಗಳನ್ನು ತಡೆಯುವುದು. ಸಕ್ಕರೆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದಲ್ಲ. ಇದನ್ನು ಪ್ರತಿಯೊಬ್ಬ ಮಾಲಕರೂ ತಮ್ಮವರನ್ನು ಕೂರಿಸಿಕೊಂಡು ಬಾಯಿಬಿಟ್ಟು ಹೇಳಬೇಕು: 'ಶುಗರ್ ಇದ್ದರೆ ಹೇಳಿ, ಅದಕ್ಕಾಗಿ ಯಾರನ್ನೂ ತೆಗೆಯುವುದಿಲ್ಲ.' ಹೇಳಿದಂತೆ ನಡೆದುಕೊಳ್ಳಬೇಕು. ಒಬ್ಬನನ್ನು ಈ ಕಾರಣಕ್ಕೆ ಮನೆಗೆ ಕಳಿಸಿದರೆ ಉಳಿದ ಹತ್ತು ಮಂದಿ ಮತ್ತೆಂದೂ ಬಾಯಿ ಬಿಡುವುದಿಲ್ಲ.

ಮಾಲಕರೂ ಮುಚ್ಚಿಡುತ್ತಾರೆ, ಅದು ಇನ್ನೊಂದು ಕತೆ. ಆಳುಗಳ ಮುಂದೆ ದುರ್ಬಲರಾಗಿ ಕಾಣಬಾರದೆಂಬ ಸಂಕೋಚ. ರಾತ್ರಿ ಹನ್ನೊಂದೂವರೆಗೆ ಗಲ್ಲಾ ಮುಚ್ಚಿ, ಊಟ ಮನೆಯಲ್ಲೇ ಎಂದು ತಾವೇ ಕಾರು ನಡೆಸಿಕೊಂಡು ಹೊರಡುತ್ತಾರೆ. ಸ್ಟಿಯರಿಂಗ್ ಹಿಡಿದಾಗ ಶುಗರ್ ಇಳಿದರೆ ಅಪಾಯ ಅವರೊಬ್ಬರಿಗೆ ಮಾತ್ರವಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿ ಹೊರಡುವುದು ಒಳ್ಳೆಯದು. ಒಂದು ಸ್ಟ್ರಿಪ್ಪಿನ ಬೆಲೆ ನಮ್ಮದೇ ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಕಡಿಮೆ.

ಡಾಕ್ಟರರ ಹತ್ತಿರವೂ ನಮ್ಮವರು ಪೂರ್ತಿ ಹೇಳುವುದಿಲ್ಲ. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಎಂಟಕ್ಕೆ ಮತ್ತೆ ಊಟ ಎಂದುಕೊಂಡು ಅವರು ಔಷಧ ಬರೆಯುತ್ತಾರೆ. ನಾವು ತಲೆಯಾಡಿಸಿ ಬರುತ್ತೇವೆ. 'ಡಾಕ್ಟ್ರೇ, ನಮ್ಮ ಊಟ ಮೂರೂವರೆಗೆ, ರಾತ್ರಿ ಊಟ ಹನ್ನೆರಡಕ್ಕೆ' ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಅವರು ಅದಕ್ಕೆ ತಕ್ಕ ಔಷಧ ಹುಡುಕುತ್ತಾರೆ. ಸಕ್ಕರೆಯನ್ನು ಅಷ್ಟಾಗಿ ಕೆಳಗಿಳಿಸದ ಔಷಧಗಳೂ ಈಗ ಇವೆ. ಆದರೆ ಹೆದರಿ ತಾವಾಗಿಯೇ ಗುಳಿಗೆ ಬಿಡುವುದು, ಇಳಿಯದಿರಲೆಂದು ಸಕ್ಕರೆಯನ್ನು ಸದಾ ಏರಿಸಿಯೇ ಇಟ್ಟುಕೊಳ್ಳುವುದು, ಇವೆರಡೂ ಕಣ್ಣಿಗೂ ಕಿಡ್ನಿಗೂ ಕೇಡು.

'ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ'

ನಮ್ಮ ಈ ಮಾತಿಗೆ ಬರುವ ಆಕ್ಷೇಪ ಗೊತ್ತಿದೆ. 'ಒಂದು ಗಂಟೆಯ ರಶ್ಶಿನಲ್ಲಿ ಒಬ್ಬನನ್ನು ಊಟಕ್ಕೆ ಬಿಟ್ಟರೆ ಉಳಿದವರೂ ಕೇಳುತ್ತಾರೆ, ಹೋಟೆಲು ನಡೆಯುವುದು ಹೇಗೆ?' ನ್ಯಾಯವಾದ ಪ್ರಶ್ನೆಯೇ. ಈಗ ಜನ ಸಿಗುವುದೇ ಕಷ್ಟ, ಇದ್ದವರಲ್ಲೇ ಎರಡು ಮಂದಿಯ ಕೆಲಸ ಒಬ್ಬ ಮಾಡಬೇಕು. ಆದರೆ ಒಂದು ಗಂಟೆಗೆ ಊಟಕ್ಕೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಹನ್ನೊಂದೂವರೆಗೆ, ಗಿರಾಕಿ ಬರುವ ಮುಂಚೆ ಎಲ್ಲರಿಗೂ ಊಟ ಹಾಕಿ ಎನ್ನುತ್ತಿದ್ದೇವೆ. ಅನ್ನ ಸಾಂಬಾರು ಹೇಗೂ ಆಗಿರುತ್ತದೆ. ಎರಡು ಸರದಿಯಲ್ಲಿ ಹದಿನೈದು ಹದಿನೈದು ನಿಮಿಷ ಸಾಕು. ಸಂಜೆ ಆರೂವರೆಗೆ ಮತ್ತೊಮ್ಮೆ. ಸಕ್ಕರೆ ಕಾಯಿಲೆಯವನಿಗೆಂದು ಬೇರೆ ಸವಲತ್ತು ಬೇಕಾಗುವುದಿಲ್ಲ, ಅವನ ಕಾಯಿಲೆ ಬೇರೆಯವರಿಗೆ ತಿಳಿಯಬೇಕಾಗಿಯೂ ಇಲ್ಲ. ಹೊಟ್ಟೆ ತುಂಬಿದ ಹುಡುಗರು ರಶ್ಶಿನಲ್ಲಿ ಚುರುಕಾಗಿಯೂ ಇರುತ್ತಾರೆ, ಗಿರಾಕಿಗಳ ಮೇಲೆ ರೇಗುವುದೂ ಕಡಿಮೆ.

ಸತತ ದುಡಿಮೆಯ ನಡುವೆ ವಿರಾಮ ಕೊಡಬೇಕೆಂಬುದು ಕಾನೂನಿನಲ್ಲೂ ಇದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಈ ವಿರಾಮ ಅರ್ಧ ಗಂಟೆಗಿಂತ ಕಡಿಮೆಯಿರಬಾರದು ಎನ್ನುತ್ತದೆ. ಆದರೆ ಕಾನೂನಿನ ಹೆದರಿಕೆಯಿಂದ ಇದನ್ನು ಮಾಡಬೇಕಾಗಿಲ್ಲ. ನಮ್ಮೂರ ಮನೆಗಳಲ್ಲಿ ಗದ್ದೆ ಕೆಲಸಕ್ಕೆ ಬಂದವರಿಗೆ ಹೊತ್ತಿಗೆ ಸರಿಯಾಗಿ ಗಂಜಿ ಬಡಿಸಿ ಆಮೇಲೆ ಮನೆಯವರು ಉಣ್ಣುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ.

ನಮ್ಮ ಐದು ಬೇಡಿಕೆ

ಸಂಘದ ಮುಂದೆಯೂ ಸದಸ್ಯ ಬಾಂಧವರ ಮುಂದೆಯೂ ಈ ಐದು ವಿಷಯ ಇಡುತ್ತೇವೆ.

ಒಂದು, ಪ್ರತಿ ಹೋಟೆಲಿನ ಗಲ್ಲಾದ ಬಳಿ ಒಂದು, ಅಡಿಗೆಕೋಣೆಯಲ್ಲಿ ಒಂದು ಗ್ಲುಕೋಸ್ ಪುಡಿಯ ಡಬ್ಬಿ ಇರಲಿ. ಬೀಗ ಹಾಕಿದ ಕಪಾಟಿನಲ್ಲಿ ಬೇಡ, ಕೈಗೆ ಸಿಗುವಲ್ಲಿ. ಕೇಟರಿಂಗ್ ಸಾಮಾನಿನ ಪಟ್ಟಿಯಲ್ಲಿ ಉಪ್ಪು, ಹುಣಿಸೆಯ ಜೊತೆ ಇದೂ ಸೇರಲಿ.

ಎರಡು, ಒಂದು ಗ್ಲುಕೋಮೀಟರ್ ಇರಲಿ. ಅದನ್ನು ಬಳಸಲು ಇಬ್ಬರಿಗಾದರೂ ಬರಲಿ.

ಮೂರು, ರಶ್ಶಿಗೆ ಮುಂಚೆ ಎಲ್ಲರ ಊಟ ಎಂಬುದು ಹೋಟೆಲಿನ ನಿಯಮವಾಗಲಿ. ಆ ನಿಯಮ ಮಾಲಕರಿಗೂ ಅನ್ವಯಿಸಲಿ.

ನಾಲ್ಕು, ಶುಗರ್ ಇಳಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ, ಆಯಾ ಊರಿನ ಭಾಷೆಯಲ್ಲೂ ಸಂಘವೇ ಅಚ್ಚು ಹಾಕಿಸಿ ಹಂಚಲಿ. ಇಂದು ನಮ್ಮ ಅಡಿಗೆಕೋಣೆಗಳಲ್ಲಿ ಊರಿನ ಹುಡುಗರಿಗಿಂತ ಉತ್ತರದ ಕಡೆಯ ಹುಡುಗರೇ ಹೆಚ್ಚು. ಅವರಿಗೂ ಅರ್ಥವಾಗಬೇಕು.

ಐದು, ನವೆಂಬರ್ 14ರ ಮಧುಮೇಹ ದಿನಕ್ಕೆ ಶಿಬಿರ ಮಾಡುವಾಗ, ಬೆರಳು ಚುಚ್ಚುವುದರ ಜೊತೆಗೆ ಅರ್ಧ ಗಂಟೆ ಈ ಪಾಠಕ್ಕೂ ಇಡಲಿ.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಸಕ್ಕರೆ ನಮ್ಮಲ್ಲಿದೆ, ಊಟ ನಮ್ಮಲ್ಲಿದೆ, ಬಡಿಸುವ ಕೈಯೂ ನಮ್ಮದೇ. ಗಿರಾಕಿಯ ಎಲೆಯಲ್ಲಿ ಪಲ್ಯ ಮುಗಿಯುವ ಮೊದಲೇ ಬಡಿಸಲು ಓಡುವವರು ನಾವು. ಅದೇ ಗಮನವನ್ನು ಒಲೆಯ ಮುಂದೆ ನಿಂತವರ ಕಡೆಗೂ ಗಲ್ಲಾದಲ್ಲಿ ಕೂತವರ ಕಡೆಗೂ ದಿನಕ್ಕೆರಡು ಸಲ ತಿರುಗಿಸಿದರೆ ಸಾಕು. ನಾಳೆ ಹನ್ನೊಂದೂವರೆಗೆ ನಿಮ್ಮ ಹೋಟೆಲಿನಲ್ಲಿ ಯಾರು ಉಂಡಿದ್ದಾರೆ, ಯಾರು ಉಂಡಿಲ್ಲ ಎಂದು ಒಮ್ಮೆ ಕೇಳಿ ನೋಡಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.